ಜಾರ್ಜ್ ಡ್ಯೂಕ್: ಕೀಬೋರ್ಡಿನಿಂದ ಧ್ವನಿಮುದ್ರಣದ ಕೋಣೆಗೆ

ಅಮೆರಿಕದ ಕೀಬೋರ್ಡ್ ವಾದಕ ಜಾರ್ಜ್ ಡ್ಯೂಕ್ ಹುಟ್ಟಿದ್ದು 1946ರ ಜನವರಿ 12ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ರಫಾಯೆಲ್‌ನಲ್ಲಿ. ನಾಲ್ಕನೆಯ ವಯಸ್ಸಿನಲ್ಲಿ ಜಾಝ್ ಪಿಯಾನೋ ವಾದಕ ಡ್ಯೂಕ್ ಎಲಿಂಗ್ಟನ್ ಅವರ ಕಛೇರಿ ಕೇಳಿ ಬಂದವರು ಪಿಯಾನೋ ಬೇಕೆಂದು ಹಟ ಹಿಡಿದರು. ಪಾಠ ಶುರುವಾಗಿದ್ದು ಏಳರಲ್ಲಿ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕನ್ಸರ್ವೇಟರಿಯಿಂದ ಪದವಿ ಪಡೆದರು. ಅಲ್ಲಿ ಅವರು ಕಲಿತದ್ದು, ವಿಚಿತ್ರವೆನಿಸಿದರೂ, ಟ್ರೊಂಬೋನ್ ಮತ್ತು ಸಂಯೋಜನೆ. ಅದೇ ಊರಿನ ಹಾಫ್ ನೋಟ್ ಕ್ಲಬ್ಬಿನಲ್ಲಿ ಗಾಯಕ ಅಲ್ ಜರೋ ಅವರಿಗೆ ಪಿಯಾನೋ ನುಡಿಸುತ್ತಿದ್ದರು. ಹಾಡುವವರ ಉಸಿರು ಹಿಡಿದು ನುಡಿಸುವ ಪಾಠ ಅಲ್ಲಿ ಆಯಿತು.

ಜಾಝ್‌ನ ಮನೋಧರ್ಮಕ್ಕೆ ರಾಕ್ ಲಯವೂ ವಿದ್ಯುತ್ ವಾದ್ಯಗಳೂ ಕೂಡಿ ಫ್ಯೂಷನ್ ರೂಪುಗೊಳ್ಳುತ್ತಿದ್ದ ಕಾಲವದು. 1969ರಲ್ಲಿ ಫ್ರೆಂಚ್ ಪಿಟೀಲುಗಾರ ಜಾನ್ ಲುಕ್ ಪಾಂಟಿ ಜೊತೆ ಲಾಸ್ ಏಂಜಲೀಸ್‌ನ ರಾಕ್ ಕ್ಲಬ್ಬೊಂದರಲ್ಲಿ ಡ್ಯೂಕ್ ನುಡಿಸಿದಾಗ ಕೇಳುಗರ ನಡುವೆ ರಾಕ್ ಸಂಗೀತಗಾರ ಫ್ರಾಂಕ್ ಝಾಪಾ ಇದ್ದರು, ಜಾಝ್ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿಯೂ ಇದ್ದರು. ಮುಂದೆ ಇಬ್ಬರೂ ಅವರನ್ನು ಕರೆಸಿಕೊಂಡರು. ಅವರನ್ನು ಹೆಚ್ಚು ಬದಲಿಸಿದವರು ಝಾಪಾ. ಜಾಝ್ ಓದಿ ಬಂದ ಡ್ಯೂಕ್ ಅವರಿಗೆ ರಾಕ್‌ನ ಸರಳ ಸ್ವರಗುಚ್ಛಗಳು ಕೀಳೆನಿಸಿದ್ದವು. ಝಾಪಾ ಅವನ್ನೇ ನುಡಿಸಲು ಹೇಳಿದರು, ಹಾಡಿಸಿದರು, ಸಿಂಥಸೈಜರ್ ಮುಂದೆ ಕೂರಿಸಿದರು. ಸ್ವರವನ್ನು ಗಿಟಾರಿನ ತಂತಿಯಂತೆ ಎಳೆದು ಬಾಗಿಸುವುದು ಆಮೇಲೆ ಡ್ಯೂಕ್ ಅವರ ಗುರುತಾಯಿತು.

1976ರಲ್ಲಿ ಡ್ರಮ್ ವಾದಕ ಬಿಲ್ಲಿ ಕೋಬಮ್ ಜೊತೆ ತಂಡ ಕಟ್ಟಿದರು. ಮರುವರ್ಷದ 'ರೀಚ್ ಫಾರ್ ಇಟ್' ಆಲ್ಬಂ ಫಂಕ್ ಕಡೆಗೆ ವಾಲಿ ಚೆನ್ನಾಗಿ ಮಾರಾಟವಾಯಿತು. ಜಾಝ್ ಮಡಿವಂತರು ಮುಖ ಸಿಂಡರಿಸಿದರು. 1979ರಲ್ಲಿ 'ಎ ಬ್ರೆಜಿಲಿಯನ್ ಲವ್ ಅಫೇರ್' ಆಲ್ಬಂಗಾಗಿ ರಿಯೊಗೆ ಹೋಗಿ ಬ್ರೆಜಿಲ್‌ನ ಗಾಯಕ ಮಿಲ್ಟನ್ ನಾಸಿಮೆಂಟೊ ಅವರನ್ನು ಹಾಡಿಸಿದರು. ಡ್ಯೂಕ್ ಅವರ ಆಲ್ಬಂಗಳಲ್ಲಿ ಇವತ್ತಿಗೂ ತಾಜಾ ಆಗಿ ಕೇಳಿಸುವುದು ಇದು.

ಎಂಬತ್ತರ ದಶಕದಲ್ಲಿ ಬೇರೆಯವರ ಧ್ವನಿಮುದ್ರಣಗಳ ನಿರ್ಮಾಣದ ಕೆಲಸ ಮುನ್ನೆಲೆಗೆ ಬಂತು. ಜಪಾನಿ ಹಾಡು 'ಸುಕಿಯಾಕಿ'ಯನ್ನು ಎ ಟೇಸ್ಟ್ ಆಫ್ ಹನಿ ಜೋಡಿಯಿಂದ ಹಾಡಿಸಿ 1981ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೂರನೆಯ ಸ್ಥಾನಕ್ಕೆ ತಂದರು. 1984ರಲ್ಲಿ ಡೆನೀಸ್ ವಿಲಿಯಮ್ಸ್ ಹಾಡಿದ, ಡ್ಯೂಕ್ ನಿರ್ಮಿಸಿದ 'ಲೆಟ್ಸ್ ಹಿಯರ್ ಇಟ್ ಫಾರ್ ದ ಬಾಯ್' ಮೊದಲ ಸ್ಥಾನ ಮುಟ್ಟಿತು. ಹಾಗೆಂದು ಜಾಝ್ ಬಿಟ್ಟವರಲ್ಲ: ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಟುಟು' (1986) ಆಲ್ಬಂನ 'ಬ್ಯಾಕ್‌ಯಾರ್ಡ್ ರಿಚುಯಲ್' ಡ್ಯೂಕ್ ರಚನೆ. ಸೋದರಸಂಬಂಧಿ, ಗಾಯಕಿ ಡಯಾನ್ ರೀವ್ಸ್‌ಗೆ ಗ್ರ್ಯಾಮಿ ತಂದ 'ಇನ್ ದ ಮೊಮೆಂಟ್' ಅವರದೇ ನಿರ್ಮಾಣ. ಅಲ್ಲಿ ವಾದ್ಯಗಳು ಎಲ್ಲೂ ಕಂಠವನ್ನು ಮುಚ್ಚುವುದಿಲ್ಲ. ಹಾಫ್ ನೋಟ್‌ನ ಪಿಯಾನೋಗಾರ ನಿರ್ಮಾಪಕನಾದಾಗ ಬೇರೆ ರೀತಿ ಆಗುವುದು ಸಾಧ್ಯವೂ ಇರಲಿಲ್ಲ.

2012ರಲ್ಲಿ ಪತ್ನಿ ಕೊರಿನ್ ತೀರಿಕೊಂಡ ಮೇಲೆ ಕೆಲಕಾಲ ಸಂಗೀತದಿಂದ ದೂರವಿದ್ದು, 'ಡ್ರೀಮ್‌ವೀವರ್' ಆಲ್ಬಂನೊಂದಿಗೆ ಮರಳಿದರು. ಅದು ಬಿಡುಗಡೆಯಾದ ಕೆಲವೇ ವಾರಗಳಲ್ಲಿ, 2013ರ ಆಗಸ್ಟ್ 5ರಂದು, ರಕ್ತದ ಕ್ಯಾನ್ಸರ್‌ನಿಂದ ನಿಧನರಾದರು.