ಗೋಕಾಕ ಎಂಬ ಪದ ಹರಾಜಿಗೆ ಬಂದ ಕತೆ

ಮೊಬೈಲ್‌ನಲ್ಲಿ ಗೂಗಲ್ ತೆರೆದು 'ಗೋಕಾಕ' ಅಂತ ಬರೆದು ನೋಡಿ. ಜಲಪಾತ ಬರುತ್ತದೆ, ಊರಿನ ನಕ್ಷೆ ಬರುತ್ತದೆ. ಸ್ವಲ್ಪ ಕೆಳಗೆ ಸರಿದರೆ ಗೋಕಾಕ್ ಚಳವಳಿ ಬರಬಹುದು. ಆ ಚಳವಳಿಗೆ ಹೆಸರು ಬಂದದ್ದು ವಿ.ಕೃ. ಗೋಕಾಕರ ವರದಿಯಿಂದ. ಅವರು ಹುಟ್ಟಿದ್ದು ಸವಣೂರಿನಲ್ಲಿ, ನಮ್ಮೂರಲ್ಲಿ ಅಲ್ಲ. ಇನ್ನು 'ಗೋಕಾಕ ಕರದಂಟು' ಅಂತ ಬರೆದರೆ ಕೆಲವು ಸಲ ಎಲ್ಲಕ್ಕಿಂತ ಮೇಲೆ 'ಪ್ರಾಯೋಜಿತ' ಎಂಬ ಸಣ್ಣ ಪದದ ಜೊತೆ ಒಂದು ಅಂಗಡಿಯ ಹೆಸರು ಕಾಣುತ್ತದೆ. ಪ್ರಾಯೋಜಿತ ಅಂದರೆ ದುಡ್ಡು ಕೊಟ್ಟು ಕೂತ ಜಾಗ. ಆ ಅಂಗಡಿ ಗೋಕಾಕದ್ದೇ ಆಗಿರಬೇಕು ಅಂತೇನೂ ಇಲ್ಲ.

ನಮ್ಮ ಊರಿನ ಹೆಸರಿನ ಮೇಲಿನ ಜಾಗವನ್ನು ಬೇರೆ ಊರಿನವರು ಕೊಳ್ಳುವುದು ಹೇಗೆ ಸಾಧ್ಯವಾಯಿತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಹಲಗಿ ಇತ್ತು. ಊರಲ್ಲಿ ಏನಾದರೂ ಸುದ್ದಿ ಮುಟ್ಟಿಸಬೇಕಾದರೆ ಹಲಗಿ ಬಡಿದು ಡಂಗುರ ಸಾರಬೇಕಿತ್ತು. ಆಮೇಲೆ ಕಾಗದ ಬಂತು. ನಮ್ಮ ದೇಶದ ಮೊದಲ ಪತ್ರಿಕೆ 1780ರಲ್ಲಿ ಕಲ್ಕತ್ತೆಯಲ್ಲಿ ಹಿಕ್ಕಿ ಎಂಬಾತ ತಂದದ್ದು. ಅದರ ಉದ್ದನೆಯ ಹೆಸರಿನಲ್ಲಿಯೇ 'ಜನರಲ್ ಅಡ್ವರ್ಟೈಸರ್' ಎಂಬ ಮಾತಿದೆ. ಅಂದರೆ ಪತ್ರಿಕೆಯೂ ಜಾಹೀರಾತೂ ಈ ದೇಶದಲ್ಲಿ ಅವಳಿ ಮಕ್ಕಳ ಹಾಗೆ ಬಂದವು. 1967ರ ನವೆಂಬರ್ 1ರಂದು ವಿವಿಧ ಭಾರತಿ ಜಾಹೀರಾತು ಶುರು ಮಾಡಿತು. ಅಲ್ಲಿ ಜಾಗದ ಬದಲು ಸೆಕೆಂಡುಗಳ ಲೆಕ್ಕ.

ಪೇಟೆಯ ಸಣ್ಣ ಅಂಗಡಿಯವರಿಗೆ ಇದ್ಯಾವುದೂ ಎಟುಕುವಂಥದ್ದಲ್ಲ. ಅವರಿಗೆ ಇದ್ದದ್ದು ಗೋಡೆ ಬರಹ, ಟಾಕೀಸಿನಲ್ಲಿ ಇಂಟರ್ವಲ್‌ಗೆ ಮೊದಲು ತೋರಿಸುವ ಸ್ಲೈಡು, ಮೈಕ್ ಕಟ್ಟಿದ ಆಟೋ, ಪಿಂಕ್ ಕಾಗದದ ಪಾಂಪ್ಲೆಟ್. ಆ ಆಟೋದ ಹಿಂದೆ ಪಾಂಪ್ಲೆಟ್‌ಗಾಗಿ ಓಡಿದವರಲ್ಲಿ ನಾವೂ ಇದ್ದೇವೆ. ಓದುವುದಕ್ಕಲ್ಲ, ವಿಮಾನ ಮಾಡುವುದಕ್ಕೆ.

ಈ ಎಲ್ಲದರಲ್ಲೂ ಒಂದು ಸಂಗತಿ ಸಮ. ಗಿರಾಕಿ ಬರಲಿ ಬಿಡಲಿ, ಪೇಂಟರ್‌ನಿಗೂ ಪ್ರೆಸ್ಸಿಗೂ ದುಡ್ಡು ಕೊಡಲೇಬೇಕು. ಪಾಂಪ್ಲೆಟ್ ವಿಮಾನವಾಗಿ ಹಾರಿದರೂ ಬಿಲ್ ಅಷ್ಟೇ.

ಈ ಲೆಕ್ಕ ತಿರುಗಿದ್ದು 1998ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಬಿಲ್ ಗ್ರಾಸ್ ಎಂಬಾತ ಗೋಟು ಡಾಟ್ ಕಾಮ್ ಎಂಬ ಹುಡುಕುತಾಣ ಶುರು ಮಾಡಿದ. ಅದರಲ್ಲಿ ಜನ ಹುಡುಕುವ ಪದಗಳನ್ನೇ ಹರಾಜಿಗೆ ಇಟ್ಟ. ಒಂದು ಪದಕ್ಕೆ ಯಾರು ಹೆಚ್ಚು ಕೂಗುತ್ತಾರೋ ಅವರ ಹೆಸರು ಮೇಲೆ. ಯಾರಾದರೂ ಆ ಹೆಸರನ್ನು ಒತ್ತಿ ಒಳಗೆ ಹೋದರೆ ಮಾತ್ರ ದುಡ್ಡು. ಬರೀ ನೋಡಿ ಹೋದರೆ ಪುಕ್ಕಟೆ. ಆ ಕಾಲಕ್ಕೆ ನಕ್ಕವರೇ ಬಹಳ. ದುಡ್ಡು ಕೊಟ್ಟವರನ್ನು ಮೇಲೆ ತೋರಿಸುವ ಹುಡುಕುತಾಣವನ್ನು ಯಾರು ನಂಬುತ್ತಾರೆ ಅಂತ.

2000ದ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ 'ಆಡ್‌ವರ್ಡ್ಸ್' ಅನ್ನು 350 ಜಾಹೀರಾತುದಾರರೊಂದಿಗೆ ಆರಂಭಿಸಿತು. ಮೊದಲ ಗಿರಾಕಿಗಳಲ್ಲಿ ದೊಡ್ಡ ಕಂಪನಿಗಳಷ್ಟೇ ಇರಲಿಲ್ಲ. ಜೀವಂತ ಲಾಬ್‌ಸ್ಟರ್, ಅಂದರೆ ಏಡಿಯ ಜಾತಿಯ ಕಡಲ ಜೀವಿ, ಅದನ್ನು ಅಂಚೆಯಲ್ಲಿ ಕಳಿಸಿ ಮಾರುವ ಒಬ್ಬ ಸಣ್ಣ ವ್ಯಾಪಾರಿಯೂ ಇದ್ದ. ಎರಡು ವರ್ಷದ ನಂತರ, 2002ರಲ್ಲಿ, ಗೂಗಲ್ ಕೂಡ ಒತ್ತಿದರೆ ಮಾತ್ರ ದುಡ್ಡು ಎಂಬ ಹರಾಜಿಗೆ ಬಂತು. ಗೋಟು ಕಂಪನಿ ಅಷ್ಟರಲ್ಲಿ 'ಓವರ್ಚರ್' ಅಂತ ಹೆಸರು ಬದಲಿಸಿಕೊಂಡಿತ್ತು. ನಮ್ಮ ಉಪಾಯ ಕದ್ದರು ಅಂತ ಅದು ದಾವೆ ಹೂಡಿತು. 2004ರಲ್ಲಿ ರಾಜಿಯಾದಾಗ ಗೂಗಲ್ ತನ್ನ 27 ಲಕ್ಷ ಷೇರು ಕೊಟ್ಟಿತು.

ಗೂಗಲ್ ಮಾಡಿದ ಒಂದು ಬದಲಾವಣೆ ಸಣ್ಣ ಅಂಗಡಿಯವರಿಗೆ ಮುಖ್ಯ. ಹೆಚ್ಚು ಕೂಗಿದವನೇ ಗೆಲ್ಲುವುದಿಲ್ಲ. ಜನ ಯಾವ ಜಾಹೀರಾತನ್ನು ಒತ್ತುವ ಸಾಧ್ಯತೆ ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಉದಾಹರಣೆ ಮಾಡೋಣ, ಅಂಕಿಗಳು ತಿಳಿಯಲಿ ಅಂತ ನಾವೇ ಹಾಕಿಕೊಂಡವು. 'ಕರದಂಟು' ಪದಕ್ಕೆ ಬೆಂಗಳೂರಿನವರು 12 ರೂಪಾಯಿ ಕೂಗಿದರು, ಗೋಕಾಕದವರು 5 ರೂಪಾಯಿ. ಆದರೆ ಗೋಕಾಕದ ಅಂಗಡಿಯ ಜಾಹೀರಾತನ್ನು ಒತ್ತುವವರು ಮೂರು ಪಟ್ಟು. ಆಗ ಐದು ಮೂರಲೆ ಹದಿನೈದು, ಹನ್ನೆರಡಕ್ಕಿಂತ ಹೆಚ್ಚು. ಗೋಕಾಕದವರು ಮೇಲೆ. ಅವರು ಕೊಡುವುದು ಪೂರ್ತಿ 5 ರೂಪಾಯಿಯೂ ಅಲ್ಲ. ಎದುರಾಳಿಯನ್ನು ದಾಟಲು ಬೇಕಾದಷ್ಟು, ಸುಮಾರು 4 ರೂಪಾಯಿ. ನಿಜವಾದ ಲೆಕ್ಕದಲ್ಲಿ ಇನ್ನೂ ಹಲವು ಅಂಶ ಸೇರುತ್ತವೆ, ಆದರೆ ಬುಡ ಇದೇ.

ಕೇಳಲು ಚೆಂದ. ಈಗ ಮುಂದಿನ ಲೆಕ್ಕ. ನೂರು ಜನ ಒತ್ತಿದರೆ 400 ರೂಪಾಯಿ. ಜಾಹೀರಾತಿಗೆ ಜಿಎಸ್‌ಟಿ 18%, ಅಲ್ಲಿಗೆ 472. ನೂರರಲ್ಲಿ ಐದು ಜನ ಒಂದೊಂದು ಡಬ್ಬಿ ಕೊಂಡರೆ, ಒಬ್ಬ ಗಿರಾಕಿಯನ್ನು ತರಲು ಬಿದ್ದ ಖರ್ಚು 94 ರೂಪಾಯಿ ಮೇಲೆ. ಡಬ್ಬಿಗೆ 100 ರೂಪಾಯಿ ಉಳಿಯುವುದಾದರೆ ಕೈಗೆ ಬಂದದ್ದು ಆರು ರೂಪಾಯಿಗೂ ಕಡಿಮೆ. ಮೂರೇ ಜನ ಕೊಂಡರೆ ಲುಕ್ಸಾನು. ಬಂದ ಗಿರಾಕಿ ಮತ್ತೆ ತಾನಾಗಿ ಬಂದರೆ ಮಾತ್ರ ಇದು ವ್ಯಾಪಾರ. ಅಂಟು, ಗೋಡಂಬಿ, ಉತ್ತತ್ತಿಯ ರೇಟು ಏರಿದಾಗ ಬಾಯಲ್ಲೇ ಲೆಕ್ಕ ಹಾಕುವವರು ಈ ಲೆಕ್ಕವನ್ನು ಮಾತ್ರ ಏಜೆಂಟರಿಗೆ ಬಿಟ್ಟುಬಿಡುವುದನ್ನು ನೋಡಿದರೆ ನಮಗೆ ಸಂಕಟವಾಗುತ್ತದೆ.

ದುಡ್ಡು ಸೋರುವ ತೂತು ಇನ್ನೊಂದಿದೆ. ಅದು ಪದದಲ್ಲೇ ಇದೆ. 'ಗೋಕಾಕ' ಎಂಬ ಪದಕ್ಕೆ ಸಡಿಲವಾಗಿ ಜಾಹೀರಾತು ಕೊಟ್ಟರೆ ಜಲಪಾತದಲ್ಲಿ ನೀರು ಬಂದಿದೆಯಾ ಅಂತ ಕೇಳುವವರಿಗೂ ಅದು ಕಾಣಬಹುದು, ಗೋಕಾಕ್ ವರದಿಯ ಬಗ್ಗೆ ಪ್ರಬಂಧ ಬರೆಯುವ ಹುಡುಗಿಗೂ ಕಾಣಬಹುದು. ಕರದಂಟು ಮಾಡುವುದು ಹೇಗೆ ಅಂತ ಮನೆಯಲ್ಲೇ ಮಾಡಲು ಹೊರಟವರೂ ಒತ್ತುತ್ತಾರೆ. ಅವರು ಗಿರಾಕಿಗಳಲ್ಲ, ಆದರೆ ಒತ್ತಿದ್ದಕ್ಕೆ ದುಡ್ಡು ಹೋಯಿತು. ಇದನ್ನು ತಡೆಯಲು ಬೇಡದ ಪದಗಳ ಪಟ್ಟಿ ಕೊಡುವ ವ್ಯವಸ್ಥೆ ಇದೆ. ಚಳವಳಿ, ವರದಿ, ಜಲಪಾತ, ಮಾಡುವ ವಿಧಾನ, ಇವನ್ನೆಲ್ಲ ಅಲ್ಲಿ ಬರೆದಿಡಬೇಕು. ಊರು ಆರಿಸುವಲ್ಲಿಯೂ ಹಾಗೇ. ಮೊದಲೇ ಹಾಕಿಟ್ಟ ಆಯ್ಕೆಯಲ್ಲಿ ಗೋಕಾಕದಲ್ಲಿ ಇರುವವರ ಜೊತೆಗೆ ಗೋಕಾಕದ ಬಗ್ಗೆ ಆಸಕ್ತಿ ತೋರಿಸಿದವರೂ ಸೇರಿರುತ್ತಾರೆ. ಸಿಹಿ ಪಾರ್ಸೆಲ್ ಕಳಿಸುವವರಿಗೆ ಅದು ಒಳ್ಳೆಯದೇ. ಪಂಪ್‌ಸೆಟ್ ರಿಪೇರಿ ಮಾಡುವವರಿಗೆ ದಿಲ್ಲಿಯಲ್ಲಿ ಕೂತು ಜಲಪಾತ ಹುಡುಕುವವನಿಂದ ಏನು ಉಪಯೋಗ?

ಮೂಡಲಗಿಯವರ ತೊಂದರೆ ಬೇರೆ. ಈಚಿನವರೆಗೂ ಅದು ಗೋಕಾಕ ತಾಲೂಕಿನೊಳಗೇ ಇತ್ತು. ಹಳೆಯ ವಿಳಾಸಗಳಲ್ಲಿ ಇನ್ನೂ 'ತಾ. ಗೋಕಾಕ' ಉಳಿದಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು 'ಮುಡಲ್ಗಿ' ಎನ್ನುವ ಹಾಗೆ ಬರೆಯುತ್ತಾರೆ, ಇನ್ನೊಬ್ಬರು 'ಮೂಡಲಗಿ' ಎನ್ನುವ ಹಾಗೆ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆಯಿತು, ಆದರೂ ಹುಡುಕುವವರ ಬೆರಳು ಹಳೆಯ ಹೆಸರನ್ನು ಬಿಟ್ಟಿಲ್ಲ. ಹುಕ್ಕೇರಿ ಸಂಕೇಶ್ವರದ ಕಡೆ ಮತ್ತೊಂದು ಸೇರುತ್ತದೆ. ಗಡಹಿಂಗ್ಲಜ ಕಡೆಯ ಗಿರಾಕಿಗಳು ಮರಾಠಿಯಲ್ಲಿ ಹುಡುಕುತ್ತಾರೆ. ಅಂಗಡಿಯ ಬೋರ್ಡಿನ ಮೇಲೆ ಕನ್ನಡ, ಮರಾಠಿ ಎರಡೂ ಬರೆಸುವವರು ಮೊಬೈಲ್‌ನಲ್ಲಿ ಮಾತ್ರ ಇಂಗ್ಲಿಷ್ ಹೆಸರೊಂದನ್ನೇ ಹಾಕಿ ಸುಮ್ಮನಾಗುತ್ತಾರೆ.

ಇನ್ನು ಹೆಸರು ಯಾರದ್ದು ಎಂಬ ಪ್ರಶ್ನೆ. ಇದು ದಿಲ್ಲಿ ಹೈಕೋರ್ಟಿನ ತನಕ ಹೋಗಿದೆ. ಅಗರ್ವಾಲ್ ಪ್ಯಾಕರ್ಸ್ ಎಂಬ ಮನೆ ಸಾಮಾನು ಸಾಗಿಸುವ ಕಂಪನಿಯ ಹೆಸರನ್ನು ಹುಡುಕಿದರೆ ಬೇರೆಯವರ ಜಾಹೀರಾತು ಬರುತ್ತಿತ್ತು. 2023ರ ಆಗಸ್ಟ್ 10ರಂದು ಕೋರ್ಟು ಹೇಳಿದ್ದು ಎರಡು ಮಾತು. ಇನ್ನೊಬ್ಬರ ಟ್ರೇಡ್‌ಮಾರ್ಕ್ ಅನ್ನು ಹುಡುಕುಪದವಾಗಿ ಬಳಸಿದ್ದೇ ಅಪರಾಧವಲ್ಲ. ಆದರೆ ಅದರಿಂದ ಗಿರಾಕಿ ಮೋಸಹೋಗುವ ಹಾಗಿದ್ದರೆ ಅದು ತಪ್ಪು, ಆಗ ಗೂಗಲ್ ಕೂಡ ನಾನು ಬರೀ ನೋಡುತ್ತ ನಿಂತವನು ಅನ್ನುವಂತಿಲ್ಲ. ಆ ಕಂಪನಿಗೆ ಹೇಳಿಕೊಳ್ಳಲು ನೋಂದಾಯಿತ ಹೆಸರು ಇತ್ತು. 'ಗೋಕಾಕ' ಊರಿನ ಹೆಸರು, ಒಬ್ಬ ಅಂಗಡಿಯವರ ಆಸ್ತಿಯಲ್ಲ. ಹಾಗಾಗಿ ಅದರ ಹರಾಜಿನಲ್ಲಿ ಬೆಂಗಳೂರಿನವರು ಕೂತರೆ ಎದ್ದೇಳಿ ಅನ್ನಲು ನಮಗೆ ಸುಲಭದ ದಾರಿ ಇಲ್ಲ. ನಿಮ್ಮ ಅಂಗಡಿಗೆ ನಿಮ್ಮದೇ ಹೆಸರಿದ್ದರೆ ಅದನ್ನು ಟ್ರೇಡ್‌ಮಾರ್ಕ್ ಮಾಡಿಸಿಡುವುದು ಈ ಕಾರಣಕ್ಕೂ ಒಳ್ಳೆಯದು.

ನಮ್ಮ ಹಳ್ಳಿಗಳಿಗೆ ಈ ಕತೆ ನಿಜವಾಗಿ ಬಂದದ್ದು 2016ರ ಸೆಪ್ಟೆಂಬರ್ 5ರ ನಂತರ, ಜಿಯೋ ಶುರುವಾಗಿ ಡೇಟಾ ಅಗ್ಗವಾದ ಮೇಲೆ. ಅದಕ್ಕೆ ಮೊದಲೇ, 2014ರಲ್ಲಿ, ಗೂಗಲ್ ಅಂಗಡಿಗಳನ್ನು ನಕ್ಷೆಯ ಮೇಲೆ ಪುಕ್ಕಟೆ ತೋರಿಸುವ 'ಮೈ ಬಿಸಿನೆಸ್' ತಂದಿತ್ತು. ಈಗ ಅದರ ಹೆಸರು 'ಬಿಸಿನೆಸ್ ಪ್ರೊಫೈಲ್'. ಇದು ಇವತ್ತಿಗೂ ಪುಕ್ಕಟೆ. 'ನಾವು ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ದುಡ್ಡು ಕಟ್ಟದಿದ್ದರೆ ನಿಮ್ಮ ಅಂಗಡಿ ನಕ್ಷೆಯಿಂದ ಹೋಗುತ್ತದೆ' ಅಂತ ಫೋನ್ ಬಂದರೆ ಅದು ಸುಳ್ಳು. ಓಟಿಪಿ ಕೇಳಿದರೆ ಕೊಡಬೇಡಿ. ಕೊಟ್ಟರೆ ಅಂಗಡಿಯ ಪುಟದ ಕೀಲಿಕೈ ಕೊಟ್ಟ ಹಾಗೆ, ಆಮೇಲೆ ಅಲ್ಲಿ ಯಾರ ಫೋನ್ ನಂಬರ್ ಬೇಕಾದರೂ ಬೀಳಬಹುದು.

ಪುಕ್ಕಟೆ ಸಿಕ್ಕಿದ್ದೆಲ್ಲ ಉಳಿಯುವುದೂ ಇಲ್ಲ. 2017ರಲ್ಲಿ ಗೂಗಲ್ ಇದೇ ಪ್ರೊಫೈಲಿನ ಜೊತೆ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆ ವೆಬ್‌ಸೈಟ್ ಕೊಟ್ಟಿತು, ಕನ್ನಡದಲ್ಲಿಯೂ. ಮೊಬೈಲ್‌ನಲ್ಲೇ ಹತ್ತು ನಿಮಿಷದಲ್ಲಿ ಆಗುತ್ತಿತ್ತು. ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನ ಮೇಲೆ, ಸಿಹಿ ಡಬ್ಬಿಯ ಮುಚ್ಚಳದ ಮೇಲೆ ಅಚ್ಚು ಹಾಕಿಸಿದವರಿದ್ದಾರೆ. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ಮುಚ್ಚಿದರು. ಕೆಲವು ತಿಂಗಳು ಆ ವಿಳಾಸ ಒತ್ತಿದರೆ ಪ್ರೊಫೈಲಿಗೆ ಹೋಗುತ್ತಿತ್ತು. ಜೂನ್ ನಂತರ ಅದೂ ನಿಂತಿತು. ನಿಮ್ಮ ಕಾರ್ಡನ್ನೊಮ್ಮೆ ತಿರುಗಿಸಿ ನೋಡಿ. ಕೊನೆಯಲ್ಲಿ 'ಬಿಸಿನೆಸ್ ಡಾಟ್ ಸೈಟ್' ಅಂತ ಇದ್ದರೆ ಮುಂದಿನ ಸಲ ಪ್ರೆಸ್ಸಿಗೆ ಕೊಡುವಾಗ ಅದನ್ನು ತೆಗೆಸಿ, ಫೋನ್ ನಂಬರ್ ದೊಡ್ಡದಾಗಿ ಹಾಕಿಸಿ.