ಬಾಗಿಲು ತೆರೆಯುವ ವಿದ್ಯೆ

ಬೆಂಗಳೂರಿನ ಹೋಟೆಲು ಉದ್ಯಮಕ್ಕೂ ಸಾಂಕ್ರಾಮಿಕ ರೋಗಕ್ಕೂ ಇರುವ ನಂಟು ಕೊರೊನಾ ಕಾಲದ್ದಲ್ಲ, ಅದಕ್ಕಿಂತ ಹಳೆಯದು. 1898ರಲ್ಲಿ ಊರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಜನ ಹೊರಗೆ ಓಡಿದರು. ಬಸವನಗುಡಿ, ಮಲ್ಲೇಶ್ವರಗಳು ಅಗಲ ಬೀದಿಯ, ಗಾಳಿ ಬೆಳಕಿನ ಬಡಾವಣೆಗಳಾಗಿ ತುಂಬಿಕೊಂಡದ್ದು ಆ ಭಯದ ಬೆನ್ನಿಗೇ. ಮುಂದೆ ನಮ್ಮ ಕರಾವಳಿಯವರು ಘಟ್ಟ ಹತ್ತಿ ಬಂದು ಒಲೆ ಹೂಡಿದ್ದು ಇಂಥ ಬೀದಿಗಳಲ್ಲಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಕುಂದಾಪುರದ ಕಡೆಯಿಂದ ಬಂದ ಮನೆತನದ ನಾನು ಅದೇ ಬಸವನಗುಡಿಯಲ್ಲಿ ಒಂದು ಸಣ್ಣ ಹೋಟೆಲಿನ ಗಲ್ಲಾ ನೋಡಿಕೊಂಡವನು. ರೋಗದ ಕಾಲದಲ್ಲಿ ಹೋಟೆಲಿನ ಬಾಗಿಲು ಮತ್ತೆ ತೆರೆಯುವುದು ಒಂದು ವಿದ್ಯೆ. ಅದರ ಅರ್ಧಪಾಲನ್ನು ನಮ್ಮ ಹಿರಿಯರು ಕಲಿಸಿಟ್ಟಿದ್ದರು, ಉಳಿದರ್ಧವನ್ನು ನಾವೇ ಕಲಿಯಬೇಕಾಯಿತು.

ಹಿರಿಯರಿಗೆ ಶುಚಿ ಎಂದರೆ ನೀರು ಮತ್ತು ಬೆಂಕಿ. ನನ್ನ ಅಜ್ಜ ಮಾಣಿಯಾಗಿ ಸೇರಿದಾಗ ಮೊದಲು ಕಲಿತ ಕೆಲಸ ಲೋಟಗಳನ್ನು ಕುದಿನೀರಿನಲ್ಲಿ ಅದ್ದಿ ತೆಗೆಯುವುದು. ಊಟ ಬಾಳೆಲೆಯ ಮೇಲೆ. ಎಲೆಗೆ ನೀರು ಚಿಮುಕಿಸಿ ಒರೆಸಿಕೊಳ್ಳುವುದು ಉಣ್ಣುವವರ ಕೆಲಸ. ಉಂಡ ಎಲೆ ಇನ್ನೊಬ್ಬರ ಮುಂದೆ ಬರುವಂತಿರಲಿಲ್ಲ. ಒಬ್ಬರ ಎಂಜಲು ಮತ್ತೊಬ್ಬರಿಗೆ ಸೋಕಬಾರದೆಂಬ ಆ ಎಚ್ಚರದಲ್ಲಿ ನಿಜವಾದ ವಿವೇಕವಿತ್ತು. ಆದರೆ ಅದರ ಜೊತೆಗೇ ಇನ್ನೊಂದು ದೂರವೂ ಇತ್ತು. ಅದನ್ನು ಹೇಳದೆ ಬಿಟ್ಟರೆ ಈ ಚರಿತ್ರೆ ಸುಳ್ಳಾಗುತ್ತದೆ. ಅಂದಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರ ಪಂಕ್ತಿ ಬೇರೆ, ಉಳಿದವರ ಜಾಗ ಬೇರೆ. ದಲಿತರಿಗೆ ಒಳಗೆ ಕಾಲಿಡಲೂ ಬಿಡುತ್ತಿರಲಿಲ್ಲ. ಆ ದೂರಕ್ಕೂ ರೋಗಕ್ಕೂ ಸಂಬಂಧವೇ ಇರಲಿಲ್ಲ.

ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ಕಣ್ಣಾರೆ ಕಂಡು ಬಂದರು. ಬಂದವರೇ ಪಾತ್ರೆ, ಲೋಟ, ಚಮಚಗಳಿಗೆಲ್ಲ ಹಬೆಯ ಶುದ್ಧಿ ಏರ್ಪಡಿಸಿದರು. ಗಿರಾಕಿಗಳು ಅಡುಗೆಮನೆಯನ್ನೇ ನೋಡಿಕೊಂಡು ಹೋಗಲಿ ಎಂದರು. ಅವರು ಮಾಡಿದ ದೊಡ್ಡ ಕೆಲಸ ಈ ಎರಡನೆಯದು. ಅಲ್ಲಿಯವರೆಗೆ ಜನ ಹೋಟೆಲನ್ನು ನಂಬುತ್ತಿದ್ದದ್ದು ಭಟ್ಟರ ಜಾತಿ ನೋಡಿ. ಇನ್ನು ಮುಂದೆ ಒಲೆ, ನೆಲ, ಪಾತ್ರೆ ನೋಡಿ ನಂಬಬಹುದಾಯಿತು. ಅದೇ ಹೋಟೆಲು ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಸರ್ಕಾರ ಇಳಿಸಿದ ದರಕ್ಕೆ ಗುಣ ಕೆಡಿಸದೆ ಬಡಿಸಲಾಗದೆ ಬಾಗಿಲು ಹಾಕಿತು. ಮಿಕ್ಸ್‌ಗಳನ್ನು ಪೊಟ್ಟಣ ಕಟ್ಟಿ ಮಾರಿ ಕೆಲಸಗಾರರನ್ನು ಉಳಿಸಿಕೊಂಡು, 1984ರಲ್ಲಿ ಮತ್ತೆ ತೆರೆಯಿತು. ಮುಚ್ಚಿದ ಹೋಟೆಲಿನವರು ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದನ್ನು ನಮ್ಮ ಊರು ಆಗಲೇ ಕಂಡಿತ್ತು.

ಆ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭಿಸಿದರು. ಗಲ್ಲಾದಲ್ಲಿ ಟೋಕನ್ ತಗೊಂಡು, ಕೌಂಟರಿನಲ್ಲಿ ತಟ್ಟೆ ಪಡೆದು, ನಿಂತೇ ತಿಂದು ಹೋಗುವ ಪದ್ಧತಿ. ದೋಸೆ ಹೆಂಚು ಎಲ್ಲರ ಕಣ್ಣೆದುರು. ಚಮಚಗಳು ಬಿಸಿನೀರಿನ ಡಬ್ಬದಲ್ಲಿ. ಮುಂಭಾಗ ಪೂರ್ತಿ ಬೀದಿಗೆ ತೆರೆದದ್ದು. ನಿಂತು ತಿನ್ನುವ ಕಟ್ಟೆಯ ಮುಂದೆ ಪಕ್ಕದವರ ಜಾತಿ ಯಾರೂ ಕೇಳಲಿಲ್ಲ. ಕಡಿಮೆ ಬೆಲೆಗಾಗಿ ಹುಟ್ಟಿದ ಈ ಪದ್ಧತಿ ಹಳೆಯ ಪಂಕ್ತಿಭೇದವನ್ನು ಸದ್ದಿಲ್ಲದೆ ಅಳಿಸಿತು.

2020ರ ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಪಾರ್ಸೆಲ್ ಬಿಟ್ಟರೆ ಹೋಟೆಲಿಗೆ ಬೇರೆ ದಾರಿಯಿರಲಿಲ್ಲ. ಕೂತು ತಿನ್ನಲು ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ಅದಕ್ಕೆ ಮೊದಲು ಕೇಂದ್ರದ ಆರೋಗ್ಯ ಇಲಾಖೆ ನಿಯಮಗಳನ್ನು ಕೊಟ್ಟಿತು: ಅರ್ಧದಷ್ಟೇ ಆಸನ, ನಡುವೆ ಆರಡಿ, ಬಾಗಿಲಲ್ಲಿ ಜ್ವರ ತಪಾಸಣೆ, ಬಟ್ಟೆಯ ಬದಲು ಕಾಗದದ ಕರವಸ್ತ್ರ, ಏಸಿ 24ರಿಂದ 30 ಡಿಗ್ರಿ, ಆದಷ್ಟು ಹೊರಗಿನ ಗಾಳಿ. ಮೇಜು ಒರೆಸುವುದು, ಕೈ ತೊಳೆಸುವುದು ನಮ್ಮವರಿಗೆ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಹೊಸದಾಗಿ ಕಲಿಯಬೇಕಾದದ್ದು ಕೊನೆಯ ಮಾತು, ಗಾಳಿಯದು.

ಆ ವರ್ಷದ ಜನವರಿ 24ರಂದು ಚೀನಾದ ಗುವಾಂಗ್‌ಝೌನಲ್ಲಿ ಕಿಟಕಿಯಿಲ್ಲದ ರೆಸ್ಟೋರೆಂಟ್ ಒಂದರಲ್ಲಿ ನಡೆದದ್ದನ್ನು ನಂತರ ಓದಿದೆ. ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟಕ್ಕೆ ಕೂತ ಮೂರು ಕುಟುಂಬಗಳ 10 ಮಂದಿಗೆ ಸೋಂಕು ಕಾಣಿಸಿಕೊಂಡಿತು. ಏಸಿಯ ಗಾಳಿ ಆ ಮೂರು ಮೇಜುಗಳ ನಡುವೆಯೇ ಸುತ್ತಿತ್ತು. ಬಡಿಸಿದವರಲ್ಲಿ ಯಾರಿಗೂ ತಗಲಲಿಲ್ಲ. ತಟ್ಟೆ ಎಷ್ಟು ಶುದ್ಧವಾಗಿದ್ದರೂ ಉಸಿರು ನಿಂತ ಕೋಣೆ ಅಪಾಯವೇ ಎಂಬುದು ಮನಸ್ಸಿಗೆ ನಾಟಿತು. ನಾವು ಏಸಿ ಫ್ಯಾಮಿಲಿ ರೂಮಿಗೆ ಬೀಗ ಹಾಕಿದೆವು. ಬಣ್ಣ ಹಿಡಿದು ಅಂಟಿಕೊಂಡಿದ್ದ ಹಿಂದಿನ ಕಿಟಕಿಗಳನ್ನು ಬಡಗಿಯನ್ನು ಕರೆಸಿ ಬಿಡಿಸಿದೆವು. ಮೇಜುಗಳನ್ನು ಬೀದಿ ಬದಿಗೆ ಸರಿಸಿದೆವು. ಊಟಕ್ಕೆ ಬಾಳೆಲೆ ಮರಳಿತು. ನೆಲದ ಮೇಲೆ ಹಳದಿ ಬಣ್ಣದ ಗುರುತುಗಳು ಬಂದವು, ಎಲ್ಲರಿಗೂ ಒಂದೇ ಅಳತೆಯ ದೂರ. ಅಜ್ಜನ ಕಾಲದ ದೂರಕ್ಕೂ ಇದಕ್ಕೂ ಇರುವ ಅಂತರ ನನಗೆ ಮುಖ್ಯ. ಇಲ್ಲಿ ಪ್ರತಿಯೊಬ್ಬನೂ ಎದುರಿನವನ ಉಸಿರನ್ನು ಕಾಯಲು ಸರಿದು ನಿಲ್ಲುತ್ತಿದ್ದ.

ಆದರೂ ದೊಡ್ಡ ಆತಂಕ ಇದ್ದದ್ದು ಊಟದ ಕೋಣೆಯಲ್ಲಲ್ಲ, ಮಹಡಿಯ ಮೇಲಿನ ರೂಮಿನಲ್ಲಿ. ಹೋಟೆಲಿನ ಹುಡುಗರು ಚಾಪೆಗೆ ಚಾಪೆ ತಾಗಿಸಿ ಮಲಗುವ ಪದ್ಧತಿ ಈ ಉದ್ಯಮದಷ್ಟೇ ಹಳೆಯದು. ಗಿರಾಕಿ ಅರ್ಧ ಗಂಟೆ ಇದ್ದು ಹೋಗುತ್ತಾನೆ. ಸಪ್ಲೈಯರು, ಕ್ಲೀನರು ದಿನವಿಡೀ ಇಲ್ಲೇ. ಅವರನ್ನು ಎರಡು ತಂಡ ಮಾಡಿ, ಬೇರೆ ಬೇರೆ ಮಲಗಿಸಿ, ಒಂದು ತಂಡ ಇನ್ನೊಂದನ್ನು ಸೇರದಂತೆ ಪಾಳಿ ಹಾಕಿದೆವು. ವಯಸ್ಸಾದ ಭಟ್ಟರಿಗೆ ಊರಿನಲ್ಲೇ ಇರಿ, ಸಂಬಳ ಬರುತ್ತದೆ ಎಂದೆವು. ಕೆಮ್ಮು ಬಂದವನು ಮುಚ್ಚಿಡದೆ ಹೇಳಬೇಕಾದರೆ ಹೇಳಿದ್ದಕ್ಕೆ ಕೂಲಿ ಹೋಗಬಾರದು. ಈ ಒಂದು ಮಾತನ್ನು ಉಳಿಸಿಕೊಳ್ಳದಿದ್ದರೆ ಬಾಗಿಲಲ್ಲಿ ಹಿಡಿದ ಥರ್ಮಾಮೀಟರ್ ಬರೀ ತೋರಿಕೆ.

2021ರ ಏಪ್ರಿಲ್ 27ರಂದು ರಾಜ್ಯ ಮತ್ತೆ ಮುಚ್ಚಿತು. ಜೂನ್ 21ರಿಂದ ಅರ್ಧ ಆಸನಕ್ಕೆ, ಸಂಜೆ ಐದರವರೆಗೆ ಅವಕಾಶ ಸಿಕ್ಕಿದಾಗ ಆದೇಶದ ಪ್ರತಿ ಓದಿ ಯಾರೂ ಗಾಬರಿಯಾಗಲಿಲ್ಲ. ಯಾವ ಕಿಟಕಿ ತೆರೆಯಬೇಕು, ಯಾರು ಯಾವ ಪಾಳಿಗೆ ಎಂಬುದು ಹುಡುಗರಿಗೇ ಗೊತ್ತಿತ್ತು.

ಮಯ್ಯರ ಕಾಲದಿಂದ ನಮ್ಮ ಉದ್ಯಮ ಅಡುಗೆಮನೆಯನ್ನು ತೆರೆದು ತೋರಿಸಿ ಜನರ ನಂಬಿಕೆ ಗಳಿಸಿತು. ಇನ್ನು ತೋರಿಸಬೇಕಾದದ್ದು ಕಿಟಕಿ ಮತ್ತು ಕೆಲಸಗಾರರ ರೂಮು. ಹೊಸ ಹೋಟೆಲು ಕಟ್ಟುವವರು ನಕ್ಷೆಯಲ್ಲಿ ಒಲೆಯ ಜಾಗ ಗುರುತಿಸುವಾಗಲೇ ಗಾಳಿಯ ದಾರಿಯನ್ನೂ ಹುಡುಗರು ಮಲಗುವ ಜಾಗವನ್ನೂ ಗುರುತಿಸಲಿ. ಮುಂದಿನ ರೋಗ ಯಾವುದೆಂದು ಯಾರೂ ಹೇಳಲಾರರು. ಅದು ಬಂದ ದಿನ ಬಾಗಿಲು ಬೇಗ ತೆರೆಯುವುದು ಈ ಎರಡಕ್ಕೂ ಜಾಗ ಕೊಟ್ಟ ಹೋಟೆಲಿನದೇ.