ಒಕ್ಕಣೆ ಮತ್ತು ಹೆಬ್ಬೆಟ್ಟು: ಚಿನ್ನದ ಗಣಿಯ ನೆಲದಲ್ಲಿ ಕಾಗದದ ಮರ್ಯಾದೆ

ರಾಬರ್ಟ್‌ಸನ್‌ಪೇಟೆಯ ಶಾಲಾ ಬಾಲಕ ಬರೆಯುವ ರಜಾ ಅರ್ಜಿಯಾಗಲಿ, ಬಂಗಾರಪೇಟೆಯ ರೈತ ಖಾತೆ ಬದಲಾವಣೆಗೆಂದು ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯಾಗಲಿ, ಕನ್ನಡದ ಅರ್ಜಿಗಳು ಬಹುಪಾಲು ಒಂದೇ ಬಗೆಯಲ್ಲಿ ಆರಂಭವಾಗುತ್ತವೆ: ಹಾಳೆಯ ಎಡಮೂಲೆಯಲ್ಲಿ 'ಇಂದ' ಎಂದು ಬರೆದು ಅದರ ಕೆಳಗೆ ಬರೆಯುವವರ ಹೆಸರು ವಿಳಾಸ, ಅದರ ಕೆಳಗೆ 'ಗೆ' ಎಂದು ಬರೆದು ಅಧಿಕಾರಿಯ ಹುದ್ದೆ, ಆಮೇಲೆ 'ಮಾನ್ಯರೇ', ಅದರ ಮುಂದೆ 'ವಿಷಯ'. ಈ 'ಇಂದ' ಮತ್ತು 'ಗೆ' ವಿಭಕ್ತಿ ಪ್ರತ್ಯಯಗಳು, ಎಂದರೆ ನಾಮಪದದ ಬೆನ್ನಿಗೆ ಅಂಟಿಕೊಂಡಾಗ ಮಾತ್ರ ಅರ್ಥ ಕೊಡುವ ತುಣುಕುಗಳು. ಕನ್ನಡದ ಜಾಯಮಾನದಲ್ಲಿ ಅವು ಒಂಟಿಯಾಗಿ ನಿಲ್ಲುವುದಿಲ್ಲ. ಹಾಗಿದ್ದೂ ಅವು ಹಾಳೆಯ ತಲೆಯಲ್ಲಿ ಒಂಟಿಯಾಗಿ ನಿಂತಿರುವುದು, ಇಂಗ್ಲಿಷ್ ಕಚೇರಿ ಪತ್ರದ 'ಫ್ರಮ್' ಮತ್ತು 'ಟು' ಎಂಬ ಎರಡು ಮಾತುಗಳ ಜಾಗವನ್ನು ತುಂಬಬೇಕಾಗಿ ಬಂದದ್ದರಿಂದ. ಆದರೆ ಅದೇ ಹಾಳೆಯಲ್ಲಿ ನಾಲ್ಕು ಸಾಲು ಕೆಳಗಿಳಿದರೆ 'ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ' ಎಂಬ, ಇಂಗ್ಲಿಷಿನ ಸೋಂಕಿಲ್ಲದ, ಹಳೆಯ ಬಿನ್ನಹದ ಧಾಟಿ ಎದುರಾಗುತ್ತದೆ. ಹೀಗೆ ಎರಡು ಬೇರೆ ಬೇರೆ ಲೋಕಗಳ ಮರ್ಯಾದೆಗಳು ಒಂದೇ ಕಾಗದದಲ್ಲಿ ಕೂಡಿ ಬಾಳುತ್ತಿವೆ. ಅವು ಕೂಡಿದ ಬಗೆಯನ್ನು ಅರಿಯಲು ಕೋಲಾರದ ಚಿನ್ನದ ಗಣಿಯ ಸೀಮೆಗಿಂತ ತಕ್ಕ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಪತ್ರದಲ್ಲಿ ಯಾರನ್ನು ಹೇಗೆ ಸಂಬೋಧಿಸಬೇಕು, ಯಾವ ಮಾತಿನಿಂದ ಮುಗಿಸಬೇಕು ಎಂಬ ಕಟ್ಟಳೆಗೆ ಕನ್ನಡದಲ್ಲಿ ಒಕ್ಕಣೆ ಎಂದು ಹೆಸರು. ತಂದೆಗೆ ಬರೆಯುವಾಗ 'ತೀರ್ಥರೂಪು', ತಾಯಿಗೆ 'ಮಾತೃಶ್ರೀ', ಕಿರಿಯರಿಗೆ 'ಚಿರಂಜೀವಿ', ಮುತ್ತೈದೆಗೆ 'ಸೌಭಾಗ್ಯವತಿ', ಗಂಡನನ್ನು ಕಳೆದುಕೊಂಡ ಹಿರಿಯಳಿಗೆ 'ಗಂಗಾ ಭಾಗೀರಥಿ ಸಮಾನರಾದ' ಎಂಬ ವಿಶೇಷಣಗಳು ಬಂದು, ನಮಸ್ಕಾರವೋ ಆಶೀರ್ವಾದವೋ ಸಂದ ಮೇಲೆ, 'ಉಭಯ ಕುಶಲೋಪರಿ' ಎಂದು ಎರಡೂ ಕಡೆಯ ಕ್ಷೇಮವನ್ನು ಹೇಳಿ ಕೇಳಿ, ಅನಂತರವೇ ವಿಷಯಕ್ಕೆ ಬರುವುದು ರೂಢಿ. ಇಲ್ಲಿ ಬರೆಯುವವರು ಮತ್ತು ಓದುವವರು ಇಬ್ಬರೂ ಒಂದೇ ವಾಕ್ಯದೊಳಗೆ ಇರುತ್ತಾರೆ: ಇಂಥವರ ಸನ್ನಿಧಾನಕ್ಕೆ ಇಂಥವರು ಮಾಡುವ ವಿಜ್ಞಾಪನೆ. ಹೀಗಾಗಿ ಪ್ರತ್ಯಯಗಳು ತಮ್ಮ ಸಹಜ ಜಾಗದಲ್ಲೇ ಉಳಿಯುತ್ತಿದ್ದವು. ಮದುವೆಯ ಕರೆಯೋಲೆಯ ಮೂಲೆಗಳಿಗೆ ಅರಿಸಿನ ಹಚ್ಚುವುದು, ಸಾವಿನ ಸುದ್ದಿಯ ಕಾಗದಕ್ಕೆ ಶ್ರೀಕಾರವನ್ನೂ ಅರಿಸಿನವನ್ನೂ ಬಿಡುವುದು, ಇಂಥ ನಿಯಮಗಳನ್ನು ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ. ಮನೆಯ ಹಿರಿಯರು ಹೇಳಿಕೊಡುತ್ತಿದ್ದರು. ಓದು ಬಲ್ಲ ಮನೆತನಗಳಿಗೆ ದಕ್ಕಿದ್ದ ಈ ವಿದ್ಯೆಯಲ್ಲಿ ಜಾತಿ, ವಯಸ್ಸು, ವೈಧವ್ಯಗಳ ಏರುಪೇರು ಅಕ್ಷರ ಅಕ್ಷರದಲ್ಲೂ ಕಾಣುತ್ತದೆ ಎಂಬುದನ್ನು ಮರೆಯಲಾಗದು.

ಅರಮನೆಯ ಮಟ್ಟದಲ್ಲಿ ಇದು ವೃತ್ತಿಯೇ ಆಗಿತ್ತು. ವಿಜಯನಗರದ ಕಾಲದಲ್ಲಿ ರಾಜನ ಪತ್ರಕ್ಕೆ ರಾಯಸ ಎಂದೂ ಅದನ್ನು ಬರೆಯುವವರಿಗೆ ರಾಯಸದವರು ಎಂದೂ ಹೆಸರಿದ್ದು, ಆ ಪದ ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ಬಹಮನಿ ಸುಲ್ತಾನರ ಬೀದರಿನಲ್ಲಿ ಈ ವಿದ್ಯೆ ಇನ್ನೂ ಎತ್ತರಕ್ಕೆ ಏರಿತ್ತು. ಪಾರಸಿಯಲ್ಲಿ ಪತ್ರಲೇಖನದ ಶಾಸ್ತ್ರಕ್ಕೆ ಇನ್ಷಾ ಎಂದು ಹೆಸರು. ಬಹಮನಿ ವಜೀರನಾಗಿದ್ದ ಮಹಮೂದ್ ಗವಾನನು ಆ ಶಾಸ್ತ್ರದ ಮೇಲೆ 'ಮನಾಜಿರ್ ಉಲ್ ಇನ್ಷಾ' ಎಂಬ ಕೈಪಿಡಿಯನ್ನು ಬರೆದನು, ಅವನ ಪತ್ರಗಳ ಸಂಗ್ರಹ 'ರಿಯಾಜ್ ಉಲ್ ಇನ್ಷಾ' ಎಂಬ ಹೆಸರಿನಲ್ಲಿ ಉಳಿದಿದೆ. ಇಂಗ್ಲಿಷಿನಲ್ಲಿ ಅಂಥ ಮೊದಲ ಅಚ್ಚಿನ ಕೈಪಿಡಿ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಇಂದಿನ ಕರ್ನಾಟಕದ ನೆಲದಲ್ಲಿ ಇಂಥ ಗ್ರಂಥ ಹುಟ್ಟಿತ್ತೆಂಬುದು ನೆನಪಿಡಬೇಕಾದ ಸಂಗತಿ. ಅದನ್ನು ಬರೆದವನ ಅಂತ್ಯ ಮಾತ್ರ ಮನಸ್ಸನ್ನು ಕಲಕುವಂಥದ್ದು: ಅವನ ವೈರಿಗಳು ಬರಿಯ ಕಾಗದಕ್ಕೆ ಅವನ ಮೊಹರು ಹಾಕಿಸಿಕೊಂಡು, ಅದರ ಮೇಲೆ ಒಡಿಶಾದ ಅರಸನಿಗೆ ರಾಜದ್ರೋಹದ ಪತ್ರವೊಂದನ್ನು ಅವನ ಹೆಸರಿನಲ್ಲಿ ಬರೆಸಿ ಸುಲ್ತಾನನಿಗೆ ತೋರಿಸಿದರು, ಮತ್ತು 1481ರಲ್ಲಿ ಸುಲ್ತಾನನು ಅವನ ತಲೆ ತೆಗೆಸಿದನು. ಪತ್ರದ ಮರ್ಯಾದೆಯನ್ನು ಜಗತ್ತಿಗೆ ಕಲಿಸಿದವನ ಜೀವವನ್ನು ಒಂದು ಸುಳ್ಳು ಪತ್ರ ತೆಗೆದುಕೊಂಡಿತು.

ಇಂಗ್ಲೆಂಡಿನ ಕಥೆ ಬೇರೆ ಬಗೆಯದು. ಅಲ್ಲಿ ನಡವಳಿಕೆಯ ಪುಸ್ತಕಗಳು ಮೊದಲು ಮಕ್ಕಳಿಗಾಗಿ ಬಂದವು. ಎರಾಸ್ಮಸ್ ಎಂಬ ವಿದ್ವಾಂಸ 1530ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಬಾಲಕರ ಸಭ್ಯತೆಯ ಪುಸ್ತಕ ಎರಡೇ ವರ್ಷಗಳಲ್ಲಿ ಇಂಗ್ಲಿಷಿಗೆ ಬಂದು, ಮೂಗು ಒರೆಸುವುದರಿಂದ ಹಿಡಿದು ಊಟದ ಪಂಕ್ತಿಯಲ್ಲಿ ಕೂರುವವರೆಗೆ ಎಲ್ಲವನ್ನೂ ಕಲಿಸಿತು. ಪತ್ರಲೇಖನದ ಕೈಪಿಡಿಗಳು ಅದರ ಹಿಂದೆಯೇ ಬಂದವು: 1568ರಲ್ಲಿ ವಿಲಿಯಂ ಫುಲ್‌ವುಡ್‌ನ ಪುಸ್ತಕ, 1586ರಲ್ಲಿ ಏಂಜೆಲ್ ಡೇ ಎಂಬಾತನ 'ದಿ ಇಂಗ್ಲಿಷ್ ಸೆಕ್ರೆಟರಿ'. ಫುಲ್‌ವುಡ್ ಹೇಳುವ ಒಂದು ನಿಯಮವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ತನಗಿಂತ ಮೇಲಿನವರಿಗೆ ಬರೆಯುವಾಗ ಬರೆದವನ ಹೆಸರು ಹಾಳೆಯ ಬಲಬದಿಯ ತೀರ ಕೆಳಗೆ ಬರಬೇಕು, ಸಮಾನರಿಗಾದರೆ ಹಾಳೆಯ ನಡುವಿನಲ್ಲಿ, ಕೆಳಗಿನವರಿಗಾದರೆ ಎಡಬದಿಯಲ್ಲಿ ಮೇಲೆ. ಎಂದರೆ ಖಾಲಿ ಬಿಟ್ಟ ಜಾಗವೇ ವಿನಯದ ಅಳತೆ. ಕೋಲಾರ ಜಿಲ್ಲೆಯ ಅರ್ಜಿಗಳಲ್ಲಿ 'ಇತಿ ತಮ್ಮ ವಿಧೇಯ' ಎಂಬ ಮಾತು ಇಂದಿಗೂ ಹಾಳೆಯ ಬಲಮೂಲೆಯ ಕೆಳಗೆ ಬರುವುದನ್ನು ಬಲ್ಲವರಿಗೆ, ನಾಲ್ಕೂವರೆ ಶತಮಾನಗಳಾಚೆಯ ಆ ನಿಯಮ ಅಪರಿಚಿತವಾಗಿ ಕಾಣುವುದಿಲ್ಲ.

ಈ ಪುಸ್ತಕಗಳನ್ನು ಕೊಳ್ಳುತ್ತಿದ್ದವರು ಹುಟ್ಟಿನಿಂದ ದೊಡ್ಡವರಾದವರಲ್ಲ, ಏರಬೇಕೆಂದಿದ್ದ ವ್ಯಾಪಾರಿಗಳು, ಗುಮಾಸ್ತರು, ಊಳಿಗದವರು. ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಎಂಬ ಲಂಡನ್ನಿನ ಮುದ್ರಕನನ್ನು ಇಬ್ಬರು ಪುಸ್ತಕ ವ್ಯಾಪಾರಿಗಳು ಹಳ್ಳಿಗಾಡಿನ ಓದುಗರಿಗಾಗಿ ಮಾದರಿ ಪತ್ರಗಳ ಕೈಪಿಡಿಯೊಂದನ್ನು ಬರೆದುಕೊಡೆಂದು ಕೇಳಿದರು. ಅದನ್ನು ಬರೆಯುತ್ತಿರುವಾಗ, ಯಜಮಾನನ ಕಾಟಕ್ಕೆ ಸಿಕ್ಕ ಮನೆಗೆಲಸದ ಹುಡುಗಿಯ ಪತ್ರಗಳೇ ಬೆಳೆದು 1740ರಲ್ಲಿ 'ಪಮೇಲಾ' ಎಂಬ ಕಾದಂಬರಿಯಾದವು; ಕೈಪಿಡಿ ಮರುವರ್ಷ ಬಂತು. ಲಾರ್ಡ್ ಚೆಸ್ಟರ್‌ಫೀಲ್ಡ್ ಮಗನಿಗೆ ಬರೆದ ಪತ್ರಗಳು 1774ರಲ್ಲಿ ಅಚ್ಚಾಗಿ, ಸಭ್ಯತೆಯ ಪಾಠಪುಸ್ತಕದಂತೆ ಬಳಕೆಯಾದವು. ಇದೇ ಹೊತ್ತಿಗೆ ಭಾರತಕ್ಕೆ ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಇಲ್ಲಿನ ಒಕ್ಕಣೆಯನ್ನು ಕಲಿಯುವ ವಿದ್ಯಾರ್ಥಿಗಳಾಗಿದ್ದರು. ಮುಲ್ತಾನಿನ ಹರಕರಣ್ ಎಂಬಾತನ ಪಾರಸಿ ಪತ್ರಕೈಪಿಡಿಯನ್ನು ಫ್ರಾನ್ಸಿಸ್ ಬಾಲ್ಫರ್ 1781ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಂದದ್ದು ಅದಕ್ಕೆ ಸಾಕ್ಷಿ. ಅರ್ಜಿ, ಹುಕುಂ, ರುಜು, ತಾಕೀತು, ಮಹಜರು ಎಂಬ ಪದಗಳನ್ನು ಕನ್ನಡದ ಕಚೇರಿಗಳಿಗೆ ತಂದದ್ದು ಆ ಪಾರಸಿ ಆಡಳಿತದ ಬಳಕೆಯೇ. ಮುಂದಿನ ನೂರು ವರ್ಷಗಳಲ್ಲಿ ಗುರು ಶಿಷ್ಯರ ಸ್ಥಾನ ಅದಲುಬದಲಾಯಿತು.

ಚಿನ್ನದ ಗಣಿಯ ಸೀಮೆ ಬೆಳೆದದ್ದು ಈ ಬದಲಾವಣೆ ಮುಗಿದ ಮೇಲೆ. ಮಾರಿಕುಪ್ಪಂ ಸುತ್ತ ಹಳ್ಳಿಗರು ಮಣ್ಣಿನಿಂದ ಚಿನ್ನ ತೆಗೆಯುವುದನ್ನು 1802ರಲ್ಲಿ ಕಂಡ ಜಾನ್ ವಾರೆನ್ ಬರೆದ ವರದಿಯನ್ನು ಓದಿದ ಮೈಕೆಲ್ ಲವೆಲ್, 1870ರ ದಶಕದಲ್ಲಿ ಮೈಸೂರು ಸರ್ಕಾರಕ್ಕೆ ಗಣಿ ತೋಡುವ ಹಕ್ಕಿಗಾಗಿ ಅರ್ಜಿ ಬರೆದುಕೊಂಡನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದಿತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ, ಎಂದರೆ ಇಂದಿನ ಬಂಗಾರಪೇಟೆ, ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನಲ್ಲಿ ರಾಬರ್ಟ್‌ಸನ್‌ಪೇಟೆ ಹುಟ್ಟಿಕೊಂಡವು. ದೊಡ್ಡವರ ಹೆಸರಿಡುವುದೂ ಆ ಕಾಲದ ಮರ್ಯಾದೆಯ ಒಂದು ಬಗೆ. ಗಣಿಯ ದಿಣ್ಣೆಗಳ ಮೇಲೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚುಗಳು ಎದ್ದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದ ಮೇಲೆ, ಜನ ಇದನ್ನು 'ಲಿಟಲ್ ಇಂಗ್ಲೆಂಡ್' ಎಂದೇ ಕರೆದರು.

ಬ್ರಿಟಿಷರ ಭಾರತದಲ್ಲಿ ನಡವಳಿಕೆಯ ನಿಯಮಗಳು ಇಂಗ್ಲೆಂಡಿಗಿಂತ ಬಿಗಿಯಾಗಿದ್ದವು, ಕೆಲವೆಡೆ ತಲೆಕೆಳಗೂ ಆಗಿದ್ದವು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಊರಿನವರು ಹೊಸಬರ ಮನೆಗೆ ಮೊದಲು ಹೋಗಬೇಕಿದ್ದರೆ, ಇಲ್ಲಿ ಹೊಸಬರೇ ಮಧ್ಯಾಹ್ನದ ಬಿಸಿಲಿನಲ್ಲಿ ಬಂಗಲೆ ಬಂಗಲೆಗೆ ಹೋಗಿ ಹೆಸರಿನ ಚೀಟಿ ಬಿಟ್ಟು ಬರಬೇಕಿತ್ತು, ಮತ್ತು ಗೇಟಿನ ಬಳಿಯ ತಗಡಿನ ಪೆಟ್ಟಿಗೆಯ ಮೇಲೆ 'ಮನೆಯಲ್ಲಿಲ್ಲ' ಎಂಬ ಅರ್ಥದ ಇಂಗ್ಲಿಷ್ ಮಾತು ಬರೆದಿದ್ದರೆ, ಒಳಗೆ ಜನರಿದ್ದರೂ ಚೀಟಿಯನ್ನು ಅದರಲ್ಲಿ ಹಾಕಿ ಹಿಂದಿರುಗಬೇಕಿತ್ತು. ಹೊಸದಾಗಿ ಬರುವ ದೊರೆಸಾನಿಯರಿಗಾಗಿ ಫ್ಲೋರಾ ಆ್ಯನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ 1888ರಲ್ಲಿ ಮನೆವಾರ್ತೆಯ ದಪ್ಪ ಕೈಪಿಡಿಯನ್ನು ಬರೆದರು. ಆಂಗ್ಲರೊಡನೆ ಒಡನಾಡಬೇಕಾದ ಭಾರತೀಯ ಮಹನೀಯರಿಗಾಗಿಯೂ ಟ್ರೆಗೊ ವೆಬ್ ಎಂಬ ಅಧ್ಯಾಪಕ ಶಿಷ್ಟಾಚಾರದ ಪುಸ್ತಕವೊಂದನ್ನು ಹೊರತಂದನು. ಈ ಕೈಪಿಡಿಗಳು ಒಂದು ಸಂಗತಿಯನ್ನು ಒಪ್ಪಿಕೊಂಡಂತೆಯೇ ಸರಿ: ಮರ್ಯಾದೆ ಹುಟ್ಟಿನಿಂದ ಬರುವುದಲ್ಲ, ಕಲಿತು ಬರುವುದು. ಆದರೆ ಕಲಿತವರಿಗೆಲ್ಲ ಕ್ಲಬ್ಬಿನ ಬಾಗಿಲು ತೆರೆಯಲಿಲ್ಲ.

ಒಂದು ಪದದ ಪಯಣ ಇಲ್ಲಿ ಗಮನಾರ್ಹ. ನಮ್ಮ ಚೀಟಿಗೆ ಹತ್ತಿರದ ಹಿಂದಿಯ 'ಚಿಟ್ಠೀ' ಎಂಬ ಮಾತು ಇಂಗ್ಲಿಷಿಗೆ 'ಚಿಟ್' ಆಗಿ ಹೋಗಿ, ಮನೆಯಿಂದ ಮನೆಗೆ ಕಳಿಸುವ ಸಣ್ಣ ಪತ್ರ ಎಂಬ ಅರ್ಥದ ಜೊತೆಗೆ, ಕೆಲಸ ಬಿಡುವ ಬಟ್ಲರಿಗೋ ಆಯಾಗೋ ಯಜಮಾನರು ಬರೆದುಕೊಡುವ ನಡತೆಯ ಪ್ರಮಾಣಪತ್ರ ಎಂಬ ಅರ್ಥವನ್ನೂ ಪಡೆಯಿತೆಂದು 1886ರ 'ಹಾಬ್ಸನ್ ಜಾಬ್ಸನ್' ನಿಘಂಟು ಹೇಳುತ್ತದೆ. ತಾವು ಓದಲಾರದ ಭಾಷೆಯಲ್ಲಿ ತಮ್ಮ ಬಗ್ಗೆ ಬರೆದ ಆ ಚೀಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿ, ಹೊಸ ಬಂಗಲೆಯ ಜಗಲಿಯಲ್ಲಿ ಬಿಚ್ಚಿ ತೋರಿಸುವುದು ಅಂದಿನ ಊಳಿಗದವರ ಬದುಕಾಗಿತ್ತು. ಅನ್ನ ಕೊಡುವ ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಅದನ್ನು ಹೊತ್ತು ತಿರುಗಬೇಕಾದ ಸಂಕಟವನ್ನು ಯಾವ ಕೈಪಿಡಿಯೂ ವಿಚಾರಿಸಲಿಲ್ಲ.

ಕಚೇರಿಯ ಕನ್ನಡ ಬದಲಾದದ್ದು ಮುಖ್ಯವಾಗಿ 1831ರಿಂದ 1881ರವರೆಗಿನ ಕಮಿಷನರುಗಳ ಆಳ್ವಿಕೆಯಲ್ಲಿ ಮತ್ತು ಅದರ ಮುಂದಿನ ದಶಕಗಳಲ್ಲಿ. ಮೇಲಿನ ಕಚೇರಿಯ ಕಾಗದಪತ್ರ ಇಂಗ್ಲಿಷಿನಲ್ಲಿ, ಕೆಳಗಿನದು ಕನ್ನಡ ಮರಾಠಿಗಳಲ್ಲಿ ನಡೆಯುತ್ತಿದ್ದಾಗ ಗುಮಾಸ್ತನು ಎರಡರ ನಡುವಿನ ಸೇತುವೆಯಾಗಿದ್ದನು. 'ಸರ್' ಎಂಬುದಕ್ಕೆ 'ಮಾನ್ಯರೇ', 'ಯುವರ್ ಒಬೀಡಿಯಂಟ್ ಸರ್ವೆಂಟ್' ಎಂಬುದಕ್ಕೆ 'ತಮ್ಮ ವಿಧೇಯ ಸೇವಕ', 'ಯುವರ್ಸ್ ಫೇತ್‌ಫುಲಿ' ಎಂಬುದಕ್ಕೆ 'ತಮ್ಮ ವಿಶ್ವಾಸಿ' ಎಂಬ ಸಮಾನ ಮಾತುಗಳು ನೆಲೆಗೊಂಡವು. ಇದರಿಂದ ಆದ ಲಾಭವನ್ನೂ ಒಪ್ಪಬೇಕು: 'ಮಾನ್ಯರೇ' ಎಂಬ ಸಂಬೋಧನೆಗೆ ಜಾತಿಯಿಲ್ಲ, ವಯಸ್ಸಿಲ್ಲ, ಮುತ್ತೈದೆತನದ ವಿಚಾರಣೆಯಿಲ್ಲ. ಕಳೆದುಹೋದದ್ದು ಕುಶಲ ಪ್ರಶ್ನೆ. ಕ್ಷೇಮ ಕೇಳದೆ ನೇರ ವಿಷಯಕ್ಕೆ ಇಳಿಯುವುದು ಹಳೆಯ ಒಕ್ಕಣೆಯಲ್ಲಿ ಅವಿನಯವಾಗುತ್ತಿತ್ತು.

ಗಣಿಯ ಆಳಕ್ಕೆ ಇಳಿಯುತ್ತಿದ್ದವರ ಪಾಲಿಗೆ ಈ ಎರಡು ಒಕ್ಕಣೆಗಳೂ ದೂರದವೇ. ಅವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಂಥ ಬರದ ಸೀಮೆಗಳಿಂದ ಬಂದ, ತಮಿಳು ತೆಲುಗು ಆಡುವ ದಲಿತ ಕುಟುಂಬಗಳವರು. ಅವರ ಕಾಗದದ ಲೋಕವೆಂದರೆ ಕಾಲಾಣೆಯ ಕಾರ್ಡು ಮತ್ತು ಮನಿಯಾರ್ಡರ್. ಕಾರ್ಡು 1879ರಲ್ಲಿ, ಮನಿಯಾರ್ಡರ್ 1880ರಲ್ಲಿ ಅಂಚೆಗೆ ಬಂದವು. ಮನಿಯಾರ್ಡರ್ ಫಾರಂನ ತುದಿಯಲ್ಲಿ ಹರಿದು ಕೊಡುವ ಸಣ್ಣ ಚೀಟಿಯೊಂದು ಇರುತ್ತಿತ್ತು. ದುಡ್ಡಿನ ಜೊತೆ ಹೋಗುವ ಮಾತು ಆ ಅಂಗೈಯಗಲದ ಜಾಗದಲ್ಲೇ ಮುಗಿಯಬೇಕಿತ್ತು, ಅದೂ ಬರೆಯಬಲ್ಲವರೊಬ್ಬರ ಕೈಯಲ್ಲಿ, ಅವರ ಒಕ್ಕಣೆಯಲ್ಲಿ.

ಇಂಥವರಿಂದ ಗಣಿ ಕಂಪನಿ ಬಯಸಿದ್ದು ಪತ್ರವನ್ನಲ್ಲ, ಬೆರಳನ್ನು. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ 1858ರಲ್ಲಿ ಗುತ್ತಿಗೆದಾರನೊಬ್ಬನ ಕೈಯಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡದ್ದು ರುಜುವಿನ ಬದಲಿಗೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆದಾಗ ಅದು ಅಪರಾಧಿಗಳ ಗುರುತಾಗಿ ಬದಲಾಗಿತ್ತು. ಗಣಿಗಳಲ್ಲಿ ಚಿನ್ನದ ಕಳವನ್ನು ತಡೆಯಲು ಕಠಿಣ ಕಾನೂನು, ಮೈ ತಪಾಸಣೆ ಮೊದಲೇ ಇದ್ದವು. 1930ರಲ್ಲಿ ಪ್ರತಿಯೊಬ್ಬ ಕೆಲಸಗಾರನ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಮಂದಿ ಗಣಿಗೆ ಇಳಿಯಲು ನಿರಾಕರಿಸಿದರು, ಮತ್ತು ಮುಷ್ಕರ ಮೂರು ವಾರ ನಡೆಯಿತು. ಕೂಲಿಯ ದರಕ್ಕಿಂತ ಮೊದಲು ಗೌರವದ ಪ್ರಶ್ನೆ ಎದ್ದ ಆ ಮುಷ್ಕರವನ್ನು ಮರ್ಯಾದೆಯ ಚರಿತ್ರೆಯಲ್ಲೇ ಸೇರಿಸಿ ಓದಬೇಕು; ತಮ್ಮನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಬಾರದೆಂದು ಅವರು ಕೇಳಿದ ರೀತಿ ಅದು, ಮತ್ತು ಅದಕ್ಕೆ ಯಾವ ಕೈಪಿಡಿಯಲ್ಲೂ ಮಾದರಿ ಪತ್ರ ಇರಲಿಲ್ಲ.

ಗಣಿಗಳು 1956ರಲ್ಲಿ ಸರ್ಕಾರದ ಕೈಗೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಗಿ, 2001ರ ಫೆಬ್ರುವರಿ 28ರಂದು ಮುಚ್ಚಿದವು. ಆ ಬಳಿಕ ಬಾಕಿ ಹಣಕ್ಕಾಗಿ, ತಲೆಮಾರುಗಳಿಂದ ವಾಸವಿದ್ದ ಮನೆಗಳ ಹಕ್ಕಿಗಾಗಿ ಕಾರ್ಮಿಕ ಕುಟುಂಬಗಳು ಅರ್ಜಿ ಕೊಡುತ್ತಲೇ ಬಂದಿವೆ. ರುಜು ಹಾಕಲು ಬಾರದವರು ಅರ್ಜಿಯ ಬಲಮೂಲೆಯ ಕೆಳಗೆ ಹೆಬ್ಬೆಟ್ಟು ಒತ್ತಿದರೆ, ಬರೆದುಕೊಟ್ಟವರು ಆ ನೀಲಿ ಗುರುತಿನ ಪಕ್ಕದಲ್ಲಿ ಅದು ಯಾರ ಎಡಗೈಯ ಹೆಬ್ಬೆಟ್ಟು ಎಂದು ಸಣ್ಣ ಅಕ್ಷರದಲ್ಲಿ ಷರಾ ಬರೆಯುತ್ತಾರೆ.